ರದ್ದಿಗೂ ರಾಜಯೋಗ

ಹಾಲಿವುಡ್ ತಾರೆ ಮರ್ಲಿನ್ ಮನ್ರೋ 1962ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಯಾರು ಬೇಕಾದರೂ ನೋಡಬಹುದಾದ್ದರಿಂದ, ಅವುಗಳನ್ನು ನೋಡಿ ಮೆಚ್ಚುವುದು ಇಂದು ಸಾಮಾನ್ಯರ ಕೆಲಸವಾಗಿಬಿಟ್ಟಿದೆ. ಕುಲೀನ ಅಭಿಮಾನಿಗೆ ಬೇಕಾಗಿರುವುದು ಅವರ ದಿನಸಿ ಬಿಲ್ಲು, ಅಂಗಡಿಯ ರಸೀದಿ, ಬ್ಯಾಂಕಿನಿಂದ ಮರಳಿ ಬಂದ ಚೆಕ್ಕು.

ಚೆಕ್ಕಿನ ಮಹಿಮೆಯನ್ನು ಸ್ವಲ್ಪ ವಿವರಿಸಬೇಕು. ಹಣ ಪಾವತಿಯಾದ ಚೆಕ್ಕುಗಳನ್ನು ಖಾತೆದಾರರಿಗೇ ಹಿಂದಿರುಗಿಸುವ ಪದ್ಧತಿ ಆಗಿನ ಅಮೆರಿಕದ ಬ್ಯಾಂಕುಗಳಲ್ಲಿತ್ತು. ಹಾಗಾಗಿ ಅವು ಮನ್ರೋ ಅವರ ಕಡತಗಳಲ್ಲಿ ಉಳಿದವು. ಅಂದು ಆ ಹಾಳೆ ಬರೆದಷ್ಟೇ ಡಾಲರ್ ತಂದುಕೊಡುತ್ತಿತ್ತು. ಈಗ ಒಂದು ಸೆಂಟನ್ನೂ ಕೊಡಲಾರದ ಸ್ಥಿತಿಗೆ ಬಂದ ಮೇಲೆ, ಸಹಿಯೊಂದರ ಬಲದಿಂದ ಅದರ ಬೆಲೆ ಎಷ್ಟೋ ಪಟ್ಟು ಏರಿದೆ. ಅರ್ಥಶಾಸ್ತ್ರಜ್ಞರು ಇದಕ್ಕೇನು ಹೇಳುವರೋ ಕಾಣೆ. ಹರಾಜುದಾರರಂತೂ ತಕರಾರು ಎತ್ತಿಲ್ಲ.

ತಮ್ಮ ವೈಯಕ್ತಿಕ ವಸ್ತುಗಳನ್ನೆಲ್ಲ ಮನ್ರೋ ಉಯಿಲಿನಲ್ಲಿ ತಮ್ಮ ನಟನಾ ಗುರು ಲೀ ಸ್ಟ್ರಾಸ್‌ಬರ್ಗ್ ಅವರಿಗೆ ಬಿಟ್ಟು, ಅವನ್ನು ಗೆಳೆಯರಿಗೂ ಸಹೋದ್ಯೋಗಿಗಳಿಗೂ ತಮಗೆ ಪ್ರಿಯರಾದವರಿಗೂ ಹಂಚಬೇಕೆಂಬ ಇಚ್ಛೆಯನ್ನು ಬರೆದಿದ್ದರು. ಗುರುಗಳು 1982ರಲ್ಲಿ ಕಾಲವಾದರು. ವಸ್ತುಗಳು ಅವರ ಪತ್ನಿಯ ಪಾಲಿಗೆ ಬಂದವು. 1999ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಟ್ಟು 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚಿನ ಹಣ ಎಣಿಸಿದವರೆಲ್ಲರೂ ಎರಡೇ ದಿನಗಳಲ್ಲಿ ಆ ತಾರೆಯ ಪ್ರಿಯರ ಪಟ್ಟಿಗೆ ಸೇರಿಬಿಟ್ಟರು. ಬದುಕಿದ್ದಾಗ ಅವರಿಗೆ ಇಷ್ಟೊಂದು ಆಪ್ತರಿದ್ದರೆ!

ಆಪ್ತತೆಗೂ ಮೆಟ್ಟಿಲುಗಳುಂಟು. 1954ರಲ್ಲಿ ಆಸ್ಪತ್ರೆಯಲ್ಲಿ ತೆಗೆದಿದ್ದ ಮನ್ರೋ ಅವರ ಎದೆಯ ಎಕ್ಸ್-ರೇಗಳು 2010ರಲ್ಲಿ 45,000 ಡಾಲರಿಗೆ ಮಾರಾಟವಾದವು. ಆಕೆಯ ಹೃದಯವನ್ನು ಯಾರೂ ಅರಿಯಲಿಲ್ಲ ಎಂದು ಕೊರಗುತ್ತಿದ್ದ ಅಭಿಮಾನಿಗಳಿಗೆ ಕೊನೆಗೂ ಅದರ ನೆರಳಾದರೂ ದಕ್ಕಿತು. ನಮ್ಮ ಔಷಧಿ ಚೀಟಿಯನ್ನು ಪಕ್ಕದ ಮನೆಯವರು ಇಣುಕಿ ನೋಡಿದರೆ ಅದು ಅಸಭ್ಯತೆ. ತಾರೆಯದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಅದು ಸಂಸ್ಕೃತಿ ರಕ್ಷಣೆ.

ಸಹಿಯಿಲ್ಲದ ದಿನಸಿ ಬಿಲ್ಲಿನ ಪಾಡು ಮಾತ್ರ ಕಷ್ಟದ್ದು. ಅದು ತಾರೆಯದೇ ಎಂದು ನಂಬಿಸಲು ಇನ್ನೊಂದು ಕಾಗದ, ಅಂದರೆ ಪ್ರಮಾಣಪತ್ರ, ಬೇಕಾಗುತ್ತದೆ. ಬಿಲ್ಲು ತೆಳ್ಳಗೆ ಹಳದಿಯಾಗಿರುತ್ತದೆ. ಪ್ರಮಾಣಪತ್ರ ದಪ್ಪ ಹಾಳೆಯಲ್ಲಿ, ಉಬ್ಬು ಮುದ್ರೆಯೊಡನೆ, ಮದುವೆ ಮನೆಯಲ್ಲಿ ಮದುಮಗನಿಗಿಂತ ಜೋರಾಗಿ ಸಿಂಗರಿಸಿಕೊಂಡ ಭಾವನಂತೆ ಮೆರೆಯುತ್ತಿರುತ್ತದೆ. ಸಂಗ್ರಾಹಕರು ಮಾತ್ರ ಬಿಲ್ಲನ್ನೇ ಆಮ್ಲರಹಿತ ಕಾಗದದ ನಡುವೆ ಮಲಗಿಸಿ, ಬೆಳಕು ತಾಗದಂತೆ ಕಾಯುತ್ತಾರೆ. ಅವರ ಶ್ರದ್ಧೆಯನ್ನು ನಾನು ಗೇಲಿ ಮಾಡಲಾರೆ, ಏಕೆಂದರೆ ಅನೇಕ ಸರ್ಕಾರಿ ದಾಖಲೆಗಳಿಗೂ ಅಂಥ ಆರೈಕೆ ಸಿಗುವುದಿಲ್ಲ.

ಈ ಉದ್ಯಮಕ್ಕೆ ಈಗ ಗಂಡಾಂತರವೊಂದು ಒದಗಿದೆ. ಇಂದಿನ ತಾರೆಯರು ಚೆಕ್ಕು ಬರೆಯುವುದೇ ಅಪರೂಪ. ಅವರ ಅಂಗಡಿ ರಸೀದಿಗಳು ಶಾಖದಿಂದ ಮುದ್ರಿಸುವ ಕಾಗದದಲ್ಲಿ ಬರುವುದರಿಂದ, ಕೆಲವೇ ವರ್ಷಗಳಲ್ಲಿ ಅಕ್ಷರಗಳು ಮಾಸಿ ಬಿಳಿ ಹಾಳೆಯಷ್ಟೇ ಉಳಿಯುತ್ತದೆ. ಆದರೂ ಹರಾಜುದಾರರು ಎದೆಗುಂದಬೇಕಾಗಿಲ್ಲ. ಆ ಬಿಳಿ ಹಾಳೆಯ ಮೇಲೆ ಒಂದು ಕಾಲದಲ್ಲಿ ಟೂತ್‌ಪೇಸ್ಟಿನ ಬೆಲೆ ಇತ್ತೆಂದು ಸಾರುವ ಪ್ರಮಾಣಪತ್ರವನ್ನು ಇನ್ನಷ್ಟು ದಪ್ಪ ಕಾಗದದಲ್ಲಿ ಮುದ್ರಿಸಿದರಾಯಿತು.