ಹಾಳೆ ನಂಬರ್ ನೋಡಿ ತಿನ್ನುವ ಗೆದ್ದಲು

ಸ್ಕ್ಯಾನಿಂಗ್ ಸುದ್ದಿ ನೀವೂ ಓದಿರುತ್ತೀರಿ. ಸರ್ಕಾರದ ಯೋಜನೆ, 'ಭೂ ಸುರಕ್ಷಾ' ಅಂತ ಹೆಸರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೇ ಕಾಗದವೆಲ್ಲ ಕಂಪ್ಯೂಟರ್ ಸೇರುತ್ತದೆ. ಇನ್ನು ಮೇಲೆ ಯಾವ ಕಡತವೂ ಕಳೆಯುವುದಿಲ್ಲವಂತೆ. ಬಹಳ ಸಂತೋಷ. ಆಗಲೇ ಕಳೆದು ಹೋದದ್ದನ್ನು ಹೇಗೆ ಸ್ಕ್ಯಾನ್ ಮಾಡುತ್ತಾರೆ ಅನ್ನೋದಷ್ಟೇ ನನ್ನ ಕುತೂಹಲ.

ಹೋದ ತಿಂಗಳು ಚಿಕ್ಕಪ್ಪನ ಜೊತೆ, ಅವನ ಜಮೀನಿನ ಕಡತ ಹುಡುಕಿಕೊಂಡು ಒಂದು ರೆಕಾರ್ಡ್ ರೂಮಿಗೆ ಹೋಗಿದ್ದೆ. ಯಾವ ಊರು ಅಂತ ಕೇಳಬೇಡಿ, ಸೋಮವಾರ ಮತ್ತೆ ಹೋಗುವುದಿದೆ. ಅಲ್ಲಿನವರು ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಮೂವರೂ ಸೀನಿದೆವು. ಹಾಳೆ 39, 40, 41. ಆಮೇಲೆ 47.

"ಗೆದ್ದಲು ಸಾರ್."

41ರ ಅಂಚು ಸವೆದಿರಲಿಲ್ಲ, 47ರದ್ದೂ ಸವೆದಿರಲಿಲ್ಲ. ನಂಬರ್ ಓದಿಕೊಂಡು ಬಂದು, ಐದೇ ಹಾಳೆ ತಿಂದು, ಬಾಯಿ ಒರೆಸಿಕೊಂಡು ಹೋದ ಗೆದ್ದಲು. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಇಡೀ ಕಚೇರಿಯಲ್ಲಿ ಬೇರೆ ಯಾರೂ ಕಾಣಲಿಲ್ಲ.

ಅಂದ ಹಾಗೆ, ಕಡತ ಅಂದರೆ ಮೊದಲು ಕಾಗದವೇ ಅಲ್ಲ. ಹುಣಸೆ ಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿದರಾಯಿತು. ಪಾಪ, ಆ ಕಾಲದಲ್ಲಿ ಗೆದ್ದಲಿನ ಮೇಲೆ ಹಾಕುವ ಅಗತ್ಯವೂ ಇರಲಿಲ್ಲ. ಕಾಗದ ಬಂದ ಮೇಲೆ ಕಷ್ಟ ಜಾಸ್ತಿಯಾಯಿತು ನೋಡಿ.

ಹಳೇ ದಾಖಲೆಗೆ ಬೆಲೆ ಏನು ಅಂತ ದೊಡ್ಡವರು ಆಗಾಗ ಭಾಷಣ ಮಾಡುತ್ತಾರೆ. ಸುಮ್ನೆ ಯಾಕೆ ಅಷ್ಟು ಕಷ್ಟ? ಕಚೇರಿ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೇಳಿ. ನಾವು ಹೊರಗೆ ಬರುತ್ತಿದ್ದ ಹಾಗೇ ಒಬ್ಬ ಹತ್ತಿರ ಬಂದ. "ಯಜಮಾನ್ರೇ, 42ರಿಂದ 46 ತಾನೇ? ಕಾಪಿ ಇದೆ. ಎಂಟು ಸಾವಿರ." ಸರ್ಕಾರದ ಹತ್ತಿರ ಇಲ್ಲದ್ದು ಅವನ ಬ್ಯಾಗಿನಲ್ಲಿದೆ! ಜಮೀನು ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಪಹಣಿ ಕಂಪ್ಯೂಟರಿಗೆ ಬಂದ ಹೊಸದರಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗುತ್ತಿತ್ತು. ಆದರೆ ಪಹಣಿಯ ಹಿಂದಿರುವ ಮಂಜೂರಾತಿ ಕಡತ ಗಂಟಿನಲ್ಲೇ ಉಳಿಯಿತು. ವ್ಯಾಪಾರವೂ ಅಲ್ಲೇ ಉಳಿಯಿತು.

ಬೆಂಗಳೂರಿನವರು ನಗಬೇಡಿ. 2016ರಲ್ಲಿ ಮಳೆನೀರು ಹರಿಯುವ ರಾಜಕಾಲುವೆಯ ಒತ್ತುವರಿ ಅಂತ ಮನೆ ಒಡೆಯಲು ಬಂದದ್ದೂ ಹಳೇ ಗ್ರಾಮ ನಕ್ಷೆ ಹಿಡಿದುಕೊಂಡೇ. ಸಾಲ ಮಾಡಿ ಕೊಂಡವರು ಎಷ್ಟೋ ಜನಕ್ಕೆ ಆ ನಕ್ಷೆಯ ದರ್ಶನವಾದದ್ದೇ ಜೆಸಿಬಿ ಬಂದ ದಿನ. ಲೇಔಟ್ ಮಾಡಿದವನು ಮಾತ್ರ ಅದನ್ನು ಮೊದಲೇ ನೋಡಿರಲಿಲ್ಲ ಅಂದರೆ ನಂಬಬೇಕಾ?

ತಮಾಷೆ ಸಾಕು. ಚಿಕ್ಕಪ್ಪನ ಕೈಯಲ್ಲಿ ಸರ್ಕಾರ ಜಮೀನು ಮಂಜೂರು ಮಾಡಿದಾಗ ಕೊಟ್ಟ ಸಾಗುವಳಿ ಚೀಟಿ ಇದೆ. ಮೂಲ ಕಡತ ಇಲ್ಲ ಅಂತ ಪೋಡಿ, ಅಂದರೆ ಅವನ ಜಮೀನು ಅಳೆದು ಬೇರೆ ನಂಬರ್ ಕೊಡುವ ಕೆಲಸ, ಮಾಡಿಕೊಡುತ್ತಿಲ್ಲ. ಪೋಡಿ ಇಲ್ಲದೆ ಬ್ಯಾಂಕಿನವರು ಸಾಲದ ಮಾತೇ ಎತ್ತುವುದಿಲ್ಲ. ಉಳುವುದು ಅವನು, ಕಂದಾಯ ಕಟ್ಟುವುದು ಅವನು. ಕಡತ ಕಳೆದವರು ಕಚೇರಿಯವರು. ಹುಡುಕಿ ತರಬೇಕಾದವನು ಮತ್ತೆ ಅವನೇ. ಯಾವ ನ್ಯಾಯ ಇದು?

ಬಸ್ಸಿನಲ್ಲಿ ಅವನು ಹಿಂಬರಹವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಳಜೇಬಿನಲ್ಲಿಟ್ಟುಕೊಂಡ. 'ಕಡತ ಲಭ್ಯವಿಲ್ಲ' ಅಂತ ಸೀಲು ಹೊಡೆದು ಕೊಟ್ಟ ಕಾಗದ. "ಇದನ್ನಾದ್ರೂ ಜೋಪಾನ ಮಾಡ್ಬೇಕು ಕಣೋ" ಅಂದ.