ಹಸಿರು ಶಾಲು, ಹಸಿ ಜೋಳ

ದಾವಣಗೆರೆಯ ಶಾಲಿನ ಅಂಗಡಿಗಳಿಗೆ ಯಾರೂ ಬೆಂಬಲ ಬೆಲೆ ಕೊಡಬೇಕಾಗಿಲ್ಲ. ಚುನಾವಣೆ ಬಂದರೆ ಸಾಕು, ಹಸಿರು ಶಾಲು ಡಜನ್ ಲೆಕ್ಕದಲ್ಲಿ ಹೋಗುತ್ತದೆ. ಯಾವ ಪಕ್ಷ ಅಂತ ಕೇಳಬೇಡಿ, ಎಲ್ಲರೂ ಗಿರಾಕಿಗಳೇ.

ಆ ಶಾಲು ಮೊದಲು ಹೆಗಲೇರಿದ್ದು ಸನ್ಮಾನಕ್ಕಲ್ಲ. ಮಲಪ್ರಭಾ ಕಾಲುವೆಯಿಂದ ನಿಮ್ಮ ಹೊಲ ಉದ್ಧಾರವಾಗಿದೆ, ಅದಕ್ಕೆ ಅಭಿವೃದ್ಧಿ ಕರ ಕಟ್ಟಿ ಅಂತ ಸರ್ಕಾರ ಬೆನ್ನು ಬಿದ್ದಿತ್ತು. ನೀರೇ ಸರಿಯಾಗಿ ಬಂದಿಲ್ಲ, ಯಾವ ಉದ್ಧಾರ ಸ್ವಾಮಿ ಅಂತ ರೈತರು ಕೇಳಿದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಸಿಕ್ಕ ಉತ್ತರ ಗೋಲಿಬಾರ್. ಅದೇ ವರ್ಷ ಹಸಿರು ಶಾಲಿನ ರೈತ ಸಂಘ ಎದ್ದು ನಿಂತಿತು. ನಮ್ಮ ಪಕ್ಕದ ಶಿವಮೊಗ್ಗದಿಂದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಜೊತೆಗೆ ಪ್ರೊ. ನಂಜುಂಡಸ್ವಾಮಿ. ರೈತ ಸಾಲಗಾರನಲ್ಲ, ಸರ್ಕಾರವೇ ರೈತನಿಗೆ ಬಾಕಿದಾರ ಅಂತ ಲೆಕ್ಕ ತೆಗೆದರು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಬೇಡಿ ಅಂತ ಹಳ್ಳಿ ಹಳ್ಳಿಯಲ್ಲಿ ಬೋರ್ಡ್ ಬಿತ್ತು. 1983ರಲ್ಲಿ ಗುಂಡೂರಾವ್ ಸರ್ಕಾರವೇ ಸೋತು ಮನೆಗೆ ಹೋಯಿತು.

ಬೋರ್ಡ್ ಇದ್ದ ಜಾಗದಲ್ಲಿ ಈಗ ಫ್ಲೆಕ್ಸ್. ಯಾರನ್ನು ತಡೆಯಲು ಶಾಲು ಹೊದ್ದರೋ ಅವರೇ ಅದನ್ನು ಹೊದ್ದು ಊರೊಳಗೆ ಬರುತ್ತಾರೆ. 2018ರಲ್ಲಿ ಯಡಿಯೂರಪ್ಪನವರು ಹಸಿರು ಶಾಲಿನಲ್ಲಿ ರೈತರ ಹೆಸರು ಹೇಳಿ ಪ್ರಮಾಣ ವಚನ ತೆಗೆದುಕೊಂಡರು. ಮೂರನೇ ದಿನಕ್ಕೆ ರಾಜೀನಾಮೆ. ಅಷ್ಟರಲ್ಲಿ ಮೆಕ್ಕೆಜೋಳ ಮೊಳಕೆ ಕೂಡ ಒಡೆಯುವುದಿಲ್ಲ.

ಜೋಳ ಅಂದಾಗ ನಮ್ಮ ದೊಡ್ಡಪ್ಪನ ಕಥೆ. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ ಪೇಪರಿನಲ್ಲಿ ನೋಡಿ, ಪೇಪರ್ ಮಡಚಿ ಜೇಬಿಗೆ ಹಾಕಿಕೊಂಡೇ ಮಂಡಿಗೆ ಹೋಗಿದ್ದರು. ಅಲ್ಲಿನವನು ಒಂದು ಹಿಡಿ ಕಾಳು ತೆಗೆದು ಮೀಟರಿಗೆ ಹಾಕಿದ. ತೇವಾಂಶ 16. ಇರಬೇಕಾದ್ದು 14. 'ಹಸಿ ಐತೆ ಯಜಮಾನ್ರೇ' ಅಂತ ರೇಟು ಇಳಿಸಿದ, ಮೇಲೆ ಚೀಲಕ್ಕಿಷ್ಟು ಸೂಟ್, ಅಂದರೆ ತೂಕದಲ್ಲಿ ಕಡಿತ. ದೊಡ್ಡಪ್ಪ ಪೇಪರ್ ತೋರಿಸಿದರು. ಅದನ್ನು ತೂಗಲು ಅವನ ಹತ್ತಿರ ತಕ್ಕಡಿ ಇರಲಿಲ್ಲ, ಪಾಪ.

ಜೋಳ ವಾಪಸ್ ತಂದು ಡಾಂಬರು ರಸ್ತೆ ಮೇಲೆ ಹರವಿದರು. ಮಾರನೇ ದಿನ ಪೊಲೀಸರು ಬಂದು, 'ಬೇಗ ಬಳೀರಿ, ಸಾಹೇಬ್ರ ಗಾಡಿ ಬರ್ತಾ ಇದೆ' ಅಂದರು. ಸಾಹೇಬರು ಹೊರಟಿದ್ದು ಎಲ್ಲಿಗೆ? ರೈತ ಸಮಾವೇಶಕ್ಕೆ. ಅರ್ಧ ಬಳಿಯುವಷ್ಟರಲ್ಲಿ ಗಾಡಿಗಳು ಸರ್ರನೆ ಹೋದವು, ಉಳಿದರ್ಧದ ಮೇಲೇ. ಕಿಟಕಿಯಲ್ಲಿ ಹಸಿರು ಕಂಡಿತು, ಒಂದು ಕೈಯೂ ಬೀಸಿತು.

ಸಂಜೆ ಸಮಾವೇಶಕ್ಕೆ ಹೋದ ಹುಡುಗರು ದೊಡ್ಡಪ್ಪನಿಗೂ ಒಂದು ಶಾಲು ತಂದು ಕೊಟ್ಟರು. ಮೋಡ ಕವಿದಿತ್ತು, ರಾಶಿಯ ಮೂಲೆಗೆ ತಾಡಪಾಲು ಸಾಲದೆ ನಾನು ಆ ಶಾಲನ್ನೇ ಹೊದಿಸಲು ಹೋದೆ.

'ಬ್ಯಾಡ ತಮ್ಮಾ' ಅಂದರು ದೊಡ್ಡಪ್ಪ. 'ಬಣ್ಣ ಬಿಟ್ಟು ಜೋಳಕ್ಕೆ ಹತ್ತಿದ್ರೆ ಅದಕ್ಕೂ ಸೂಟ್ ಹಾಕ್ತಾರೆ.'