ಎಡಗೈ ಕಾಲು, ಬಲಗೈ ಕಣ್ಣು

ಹೋದ ಭಾನುವಾರ ಕನ್ನಡ ಸಂಘದ ಕಾರ್ಯಕ್ರಮ ಮುಗಿಸಿ ಚಹಾ ಕುಡಿಯುತ್ತಾ ನಿಂತಿದ್ದೆವು. ಗೆಳೆಯರೊಬ್ಬರು ಹೇಳಿದರು, "ಮಗನ ಜೊತೆ ಒಂದು ಗೇಮ್ ಆಡಾಕ ಕೂತಿದ್ದೆ. ಹತ್ತು ನಿಮಿಷಕ್ಕ ಎದ್ದುಬಿಟ್ಟೆ. ಅದೆಲ್ಲ ನಮ್ಮ ಕೈಗೆ ಒಗ್ಗೂದಲ್ಲ ಬಿಡ್ರಿ." ಮೊಬೈಲಿನ ಕ್ರಿಕೆಟ್ ಗೇಮಿನಲ್ಲಿ ಅವರನ್ನು ಸೋಲಿಸುವವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ಅಂಥವರು ಹೀಗೆ ಕೈಚೆಲ್ಲಿದ್ದು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಾನೂ ಕ್ರಿಕೆಟ್, ಕಾರ್ ರೇಸ್ ಬಿಟ್ಟು ಬೇರೆ ಏನೂ ಆಡಿದವನಲ್ಲ. ಪುಣೆಯ ಕೋಥ್ರೂಡ್‌ನ ನಮ್ಮ ಮನೆಗೆ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ದೊಡ್ಡ ಸಾಹಸದ ಗೇಮ್ ಹಚ್ಚಿ ಕಂಟ್ರೋಲರ್ ನನ್ನ ಕೈಗೆ ಕೊಟ್ಟ. ನನ್ನ ಹೀರೋ ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇದ್ದ. ನೋಟ ತಿರುಗಿಸಲು ಹೋದರೆ ಪರದೆ ತುಂಬ ಆಕಾಶ. ಕೆಳಗಿಳಿಸಿದರೆ ಅವನ ಬೂಟು. ಅಷ್ಟರಲ್ಲಿ ಹಿಂದಿನಿಂದ ಯಾರೋ ಹೊಡೆದು ಕೆಡವಿದರು. ಯಾರು ಹೊಡೆದರು ಅಂತಲೂ ಕಾಣಲಿಲ್ಲ.

"ಮಾಮಾ, ಎಡಗೈ ಕಾಲು, ಬಲಗೈ ಕಣ್ಣು. ಇಷ್ಟ ನೆನಪಿಟ್ಕೋ," ಎಂದ ಹುಡುಗ.

ಇದಕ್ಕಿಂತ ಒಳ್ಳೆ ಪಾಠ ನನಗೆ ಯಾರೂ ಹೇಳಿಲ್ಲ. ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ತಿರುಗಿಸುವ ಎರಡು ಸಣ್ಣ ಸ್ಟಿಕ್ ಇರುತ್ತವೆ. ಎಡಗಡೆಯ ಸ್ಟಿಕ್ ನಡೆಸುತ್ತದೆ, ಬಲಗಡೆಯದು ನೋಡಿಸುತ್ತದೆ. ಎರಡೂ ಒಟ್ಟಿಗೆ ಆಗಬೇಕು. ಕ್ರಿಕೆಟ್ ಗೇಮಿನಲ್ಲಿ ಕ್ಯಾಮೆರಾ, ಅಂದರೆ ಪರದೆಯ ನೋಟ, ತಾನೇ ಚೆಂಡಿನ ಬೆನ್ನು ಹತ್ತುತ್ತದೆ, ರೇಸಿನಲ್ಲಿ ಕಾರಿನ ಬೆನ್ನು. ಅಲ್ಲಿ ನಮ್ಮ ಬಲಗೈಗೆ ನೋಡುವ ಕೆಲಸವೇ ಬಿದ್ದಿರುವುದಿಲ್ಲ. ಹಾಗಾಗಿ ಅಲ್ಲಿ ಎಷ್ಟು ಪಳಗಿದರೂ ಇಲ್ಲಿ ಮೊದಲಿನಿಂದ ಶುರು. ಹುಡುಗರು ಸಣ್ಣವರಿದ್ದಾಗಲೇ ಕಲಿತು, ಕಲಿತದ್ದನ್ನೇ ಮರೆತಿರುತ್ತಾರೆ. ನಾವು ತಡವರಿಸಿದರೆ 'ನಮಗೆ ಬುದ್ಧಿ ಸಾಲದು' ಅಂದುಕೊಳ್ಳುತ್ತೇವೆ. ಕೈಗೆ ಅಭ್ಯಾಸ ಇಲ್ಲ, ಅಷ್ಟೇ.

ಅದಕ್ಕೇ ನನ್ನ ಮಾತು ಇಷ್ಟು: ಹೊಸ ಬಗೆಯ ಗೇಮಿಗೆ ಹೋಗುವಾಗ ಎಲ್ಲರೂ ಹೊಗಳುವ ದೊಡ್ಡ ಗೇಮಿನಿಂದ ಶುರು ಮಾಡಬೇಡಿ. ಕ್ಯಾಮೆರಾ ತನ್ನ ಪಾಡಿಗೆ ತಾನು ನೋಡಿಕೊಳ್ಳುವ ಗೇಮ್ ಹಿಡಿಯಿರಿ. ಮೊದಲು ಕಾಲು, ಆಮೇಲೆ ಕಣ್ಣು.

ನನಗೆ ಆ ಬಾಗಿಲು ತೆರೆದದ್ದು ಇದೇ ಪುಣೆಯಲ್ಲಿ ಹುಟ್ಟಿದ ಗೇಮ್, 'ರಾಜಿ'. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ಹೊರತಂದದ್ದು. ಅಪಹರಣವಾದ ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ. ನಡುನಡುವೆ ಕಥೆಯನ್ನು ನೆರಳಿನ ಗೊಂಬೆಗಳಲ್ಲಿ ಹೇಳುತ್ತಾರೆ. ಊರ ಜಾತ್ರೆಯಲ್ಲಿ ತೊಗಲುಗೊಂಬೆ ಆಟ ನೋಡಿದ ನನಗೆ ಅದು ಕಂಡಾಗ ಮೈ ಜುಮ್ ಅಂದಿತ್ತು. ಕ್ಯಾಮೆರಾದ ಚಿಂತೆ ಇಲ್ಲ. ಜಿಗಿಯುವುದು, ಗೋಡೆ ಹತ್ತುವುದು, ಹೊಡೆದು ಪಕ್ಕಕ್ಕೆ ಸರಿಯುವುದು, ಇಷ್ಟನ್ನೇ ಕೈ ಕಲಿತುಕೊಂಡಿತು.

ಇನ್ನು ಈಸಿ ಮೋಡ್, ಅಂದರೆ ಆಟವನ್ನು ಸುಲಭ ಮಾಡಿಕೊಳ್ಳುವ ಆಯ್ಕೆಯ ವಿಷಯ. ಇದರ ಬಗ್ಗೆ ಜನ ಯಾಕೆ ಇಷ್ಟು ಮುಜುಗರಪಡುತ್ತಾರೋ ನನಗೆ ತಿಳಿಯದು. ಪುಣೆಗೆ ಬಂದ ಹೊಸದರಲ್ಲಿ ನನಗೆ ಮರಾಠಿ ಬರುತ್ತಿರಲಿಲ್ಲ. ಮಂಡಈ ಅನ್ನುವ ಇಲ್ಲಿನ ಮಾರುಕಟ್ಟೆಯಲ್ಲಿ ಕಾಯಿಪಲ್ಲೆ ಮಾರುವ ಒಬ್ಬ ಮಾವಶಿ ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದರು. ಮೆಂತ್ಯದ ಸಿವುಡು ಕೈಯಲ್ಲಿ ಹಿಡಿದು, ಬೆರಳು ಎಣಿಸಿ ಬೆಲೆ ಹೇಳುತ್ತಿದ್ದರು. ನಿಧಾನ ಹೇಳಿಸಿಕೊಂಡೆ ಅಂತ ನಾನು ಕಲಿತ ಮರಾಠಿ ಸುಳ್ಳಾಯಿತಾ? 2018ರ 'ಸೆಲೆಸ್ಟ್' ಎಂಬ ಜಿಗಿದಾಟದ ಗೇಮಿನಲ್ಲಿ ಅಸಿಸ್ಟ್ ಮೋಡ್ ಅಂತ ಇದೆ. ಆಟದ ವೇಗವನ್ನೇ ಅರ್ಧಕ್ಕೆ ಇಳಿಸಬಹುದು. ಬೆಟ್ಟ ಅದೇ, ಜಿಗಿಯುವ ಜಾಗ ಅದೇ. ನಿಮ್ಮ ಕೈಗೆ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ.

'ಹೇಡೀಸ್' ಇನ್ನೂ ಚೆಂದ. ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಟ ರಾಜಕುಮಾರ ಸತ್ತಾಗಲೆಲ್ಲ ಮತ್ತೆ ಮನೆಗೇ ಬರುತ್ತಾನೆ. ಅಲ್ಲಿ ಅಪ್ಪನ ಬೈಗುಳ, ಮನೆಯವರ ಮಾತು, ಕಥೆ ಮುಂದೆ ಸಾಗುತ್ತದೆ. ಇಂಥವಕ್ಕೆ ರೋಗ್‌ಲೈಕ್ ಎನ್ನುತ್ತಾರೆ. 1980ರ ಸುಮಾರಿನ 'ರೋಗ್' ಎಂಬ ಗೇಮಿನಿಂದ ಬಂದ ಹೆಸರು. ಅದರಲ್ಲಿ ಸತ್ತರೆ ಮೊದಲಿನಿಂದ ಆಟ, ನೆಲಮಾಳಿಗೆಯ ನಕ್ಷೆಯೂ ಪ್ರತಿಸಲ ಹೊಸದು. 'ಹೇಡೀಸ್'ನಲ್ಲಿ ಗಾಡ್ ಮೋಡ್ ಹಾಕಿಕೊಂಡರೆ ಬೀಳುವ ಪೆಟ್ಟು ಶೇ. 20ರಷ್ಟು ಕಡಿಮೆ. ಆಮೇಲೆ ಪ್ರತಿ ಸಾವಿಗೂ ಇನ್ನೂ ಶೇ. 2, ಶೇ. 80ರವರೆಗೆ. ನಾನು ಹಾಕಿಕೊಂಡೇ ಆಡಿದೆ. ಕೊನೆಯ ಬಾಗಿಲು ದಾಟಿದ ರಾತ್ರಿ ಹೆಂಡತಿಯನ್ನು ಎಬ್ಬಿಸಿ ಹೇಳಿದ್ದೆ.

ಚದುರಂಗ ಇಷ್ಟ ಇದ್ದವರಿಗೆ 'ಇನ್‌ಟು ದ ಬ್ರೀಚ್'. ಎಂಟಕ್ಕೆ ಎಂಟು ಮನೆಯ ಹಲಗೆ, ಶತ್ರು ಮುಂದೆ ಎಲ್ಲಿ ಹೊಡೆಯುತ್ತಾನೆ ಅಂತ ಮೊದಲೇ ತೋರಿಸುತ್ತದೆ. ಆರಾಮಾಗಿ ಯೋಚಿಸಿ ಆಡಬಹುದು. ಕಣ್ಣಿನ ಪಾಠಕ್ಕೆ ಬಂದಾಗ 2007ರ 'ಪೋರ್ಟಲ್' ಹಿಡಿಯಿರಿ. ಒಂದೊಂದು ಕೋಣೆಯೂ ಒಂದೊಂದೇ ವಿಷಯ ಕಲಿಸುತ್ತದೆ. ಶುರುವಿನ ಕೋಣೆಗಳಲ್ಲಿ ಯಾರೂ ಗುಂಡು ಹಾರಿಸುವುದಿಲ್ಲ.

ದುಡ್ಡಿನ ಭಯ ಇದ್ದರೆ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು.

ಆ ಗೆಳೆಯರನ್ನು ಬರುವ ಭಾನುವಾರ ಮನೆಗೆ ಕರೆದಿದ್ದೇನೆ. ಮೊದಲು 'ರಾಜಿ' ಸ್ವಲ್ಪ ಆಡಿಸಿ, ಆಮೇಲೆ 'ಪೋರ್ಟಲ್'ನ ಮೊದಲ ಕೋಣೆ ಹಚ್ಚಿ, ಕಂಟ್ರೋಲರ್ ಕೊಟ್ಟು, ಆ ಕೋಣೆಯ ಗೋಡೆ, ಸೂರು, ನೆಲ ನೋಡುತ್ತಾ ಸುಮ್ನೆ ಸುತ್ತಾಡಿ ಅನ್ನುತ್ತೇನೆ. ಅವಲಕ್ಕಿ ಆಗುವವರೆಗೆ ಅಷ್ಟೇ ಆಡಲಿ.